ಒತ್ತಡರಹಿತ ಶಾಲೆ ಎಂಬ ಅರ್ಧಸತ್ಯ

ಜರ್ಮನಿಗೆ ವಲಸೆ ಹೋಗುವ ಮಕ್ಕಳು ಪರೀಕ್ಷೆಯ ಒತ್ತಡದಿಂದ ಪಾರಾಗುತ್ತಾರೆ, ಭಾಷೆಯನ್ನು ಕೆಲವೇ ತಿಂಗಳಲ್ಲಿ ಕಲಿಯುತ್ತಾರೆ ಎಂಬ ವಾದವು ಪೋಷಕರನ್ನು ದಾರಿತಪ್ಪಿಸುವಂಥದ್ದು. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿಯ ನಂತರ ಎದುರಾಗುವ ಕವಲು ಜರ್ಮನಿಯ ಬವೇರಿಯಾ ರಾಜ್ಯದಲ್ಲಿ 4ನೇ ತರಗತಿಯ ಕೊನೆಗೇ, ಅಂದರೆ ಸುಮಾರು 10ನೇ ವಯಸ್ಸಿಗೇ ಎದುರಾಗುತ್ತದೆ. ವಿಶ್ವವಿದ್ಯಾಲಯದತ್ತ ನೇರವಾಗಿ ಒಯ್ಯುವ ಪ್ರೌಢಶಾಲೆಯಾದ ಗಿಮ್ನಾಸಿಯುಮ್‌ಗೆ ಅರ್ಹತೆ ಅಳೆಯುವ ಪ್ರಾಯೋಗಿಕ ತರಗತಿಗಳಿಲ್ಲದೆ ಸೇರಬೇಕಾದರೆ ಸಾಮಾನ್ಯವಾಗಿ ಜರ್ಮನ್, ಗಣಿತ ಮತ್ತು ಪರಿಸರ ಅಧ್ಯಯನಗಳ ಸರಾಸರಿ ಶ್ರೇಣಿ 2.33ರೊಳಗಿರಬೇಕು, ಅಲ್ಲಿ 1 ಅತ್ಯುತ್ತಮ ಶ್ರೇಣಿ, 6 ಅತ್ಯಂತ ಕೆಳಗಿನದು.

ಭಾಷೆಯ ಕುರಿತ ವಾದವೂ ನಿಲ್ಲುವುದಿಲ್ಲ. ಆಟದ ಮೈದಾನದ ಸಂಭಾಷಣಾ ಭಾಷೆಯನ್ನು ಮಗು ಸುಮಾರು 2 ವರ್ಷಗಳಲ್ಲಿ ಗಳಿಸಿದರೂ, ಪಠ್ಯವನ್ನು ಗ್ರಹಿಸಿ ತರ್ಕಬದ್ಧವಾಗಿ ಬರೆಯಲು ಬೇಕಾದ ಶೈಕ್ಷಣಿಕ ಭಾಷೆಗೆ 5ರಿಂದ 7 ವರ್ಷಗಳು ಬೇಕಾಗಬಹುದೆಂದು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ತೋರಿಸಿದ್ದಾರೆ; ಹೀಗಿರುವಾಗ 8ನೇ ವಯಸ್ಸಿನಲ್ಲಿ ಬವೇರಿಯಾದ ಮ್ಯೂನಿಕ್ ತಲುಪುವ ಕನ್ನಡದ ಮಗುವನ್ನು ಎರಡೇ ವರ್ಷಗಳಲ್ಲಿ ಅಳೆದರೆ ಅದರ ಬುದ್ಧಿಯನ್ನಲ್ಲ, ಬಹುಮಟ್ಟಿಗೆ ಅದರ ಜರ್ಮನ್ ಭಾಷೆಯನ್ನೇ ಅಳೆದಂತಾಗುತ್ತದೆ.

ಬರ್ಲಿನ್‌ನಲ್ಲಿ ಪ್ರಾಥಮಿಕ ಹಂತ 6 ವರ್ಷಗಳದ್ದಾಗಿದೆ, ಗಿಮ್ನಾಸಿಯುಮ್ ಅಲ್ಲದ ಶಾಲೆಗಳಿಂದಲೂ ಮುಂದೆ ಉನ್ನತ ಶಿಕ್ಷಣಕ್ಕೆ ದಾರಿಗಳಿವೆ ಎಂಬುದು ನಿಜ. ಆದರೆ ಆ ದಾರಿಗಳನ್ನು ಹುಡುಕಲು ಪೋಷಕರಿಗೆ ಪೂರ್ವತಿಳಿವಳಿಕೆ ಬೇಕು. ದೇಶಗಳ ಹೆಸರನ್ನು ಹೋಲಿಸುವುದನ್ನು ಬಿಟ್ಟು, ಸೇರಲಿರುವ ರಾಜ್ಯದ ನಿಯಮವನ್ನೂ ಮಗುವಿನ ವಯಸ್ಸನ್ನೂ ಪರಿಶೀಲಿಸಿಯೇ ಪೋಷಕರು ವಲಸೆಯ ನಿರ್ಧಾರ ಕೈಗೊಳ್ಳಬೇಕು.