ಆಕಾಶದಲ್ಲಿ ಒಂದು ತಾಸು, ನೆಲದ ಮೇಲೆ ಏಳು ತಾಸು

ಜತ್ತ: ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ಸುಮಾರು 445 ಕಿ.ಮೀ. ವಿಮಾನಕ್ಕೆ ಒಂದೂಕಾಲು ತಾಸು ಸಾಕು. ಕೊಲ್ಹಾಪುರದಿಂದ ಮುಂಬೈ ಇನ್ನೂ ಹತ್ತಿರ. ಸುಮಾರು 310 ಕಿ.ಮೀ., ಒಂದು ತಾಸಿನ ಹಾದಿ. ಕೇಳಲು ಚೆಂದ. ಆದರೆ ಸಂಖ, ಉಮದಿ, ಮಾಡಗ್ಯಾಳದಂಥ ಊರುಗಳಿಂದ ಹೊರಡುವವರ ಪಾಲಿಗೆ ಇದು ಅರ್ಧ ಲೆಕ್ಕ ಮಾತ್ರ.

ಸಾಂಗಲಿ ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ಇಳಿಯುವ ನಿಲ್ದಾಣ ಒಂದೂ ಇಲ್ಲ. ಜತ್ತದಿಂದ ನೇರ ಗೆರೆ ಎಳೆದರೆ ಸೋಲಾಪುರ ನಿಲ್ದಾಣ ಸುಮಾರು 100 ಕಿ.ಮೀ., ಕೊಲ್ಹಾಪುರದ್ದು 110, ಸಾಂಬ್ರಾ 145. ರಸ್ತೆಗಿಳಿದರೆ ಪ್ರತಿಯೊಂದೂ ಇನ್ನಷ್ಟು ದೂರ.

ಬೆಂಗಳೂರಿನಲ್ಲಿ ಮಗ ಆಸ್ಪತ್ರೆ ಸೇರಿದ್ದಾನೆ ಎಂದು ತಂದೆ ತಾಯಿ ಹೊರಟರು ಎನ್ನೋಣ. ಅಥಣಿ ಮಾರ್ಗವಾಗಿ ಸಾಂಬ್ರಾ ತಲುಪಲು ನಾಲ್ಕು ತಾಸು. ಎರಡು ತಾಸು ಮುಂಚೆ ನಿಲ್ದಾಣದಲ್ಲಿರಬೇಕು. ವಿಮಾನದಲ್ಲಿ ಒಂದೂಕಾಲು ತಾಸು. ಇಳಿದ ಮೇಲೆ ಮೆಜೆಸ್ಟಿಕ್ ಸೇರಲು ಮತ್ತೆ ಒಂದು, ಒಂದೂವರೆ ತಾಸು. ಒಟ್ಟು ಎಂಟೂವರೆ. ವಿಜಯಪುರಕ್ಕೆ ಹೋಗಿ ರಾತ್ರಿ ಬಸ್ ಹಿಡಿದರೆ ಹನ್ನೆರಡು, ಹದಿಮೂರು ತಾಸು. ಉಳಿತಾಯವಿದೆ ನಿಜ. ಆದರೆ ಅದು ಬಸ್ಸು ಹೊತ್ತಿಗೆ ಸರಿಯಾಗಿ ಸಿಕ್ಕರೆ ಮಾತ್ರ.

ಇಲ್ಲೇ ಗಡಿ ಅಡ್ಡ ಬರುತ್ತದೆ. 2022ರ ನವೆಂಬರ್–ಡಿಸೆಂಬರ್‌ನಲ್ಲಿ ಗಡಿ ವಿವಾದ ಬಿಸಿಯೇರಿದಾಗ, 2025ರ ಫೆಬ್ರವರಿಯಲ್ಲಿ ಬೆಳಗಾವಿ ಬಳಿ ಕಂಡಕ್ಟರ್ ಮೇಲೆ ಹಲ್ಲೆಯಾದಾಗ, ಉಭಯ ರಾಜ್ಯಗಳ ನಡುವಿನ ಬಸ್ ಸಂಚಾರಕ್ಕೆ ಪೆಟ್ಟು ಬಿತ್ತು. ವಿಮಾನಕ್ಕೆ ಗಡಿಯಿಲ್ಲ, ಅದನ್ನು ಮುಟ್ಟಿಸುವ ಬಸ್ಸಿಗಿದೆ. ಬಸ್ಸು ಗಡಿಯಲ್ಲಿ ನಿಂತಿತೆಂದು ವಿಮಾನ ಕಾಯುವುದಿಲ್ಲ.

ಹೊಸ ನಿಲ್ದಾಣ ಬಂದರೆ ಎಲ್ಲ ಸರಿಹೋದೀತೇ? ಜತ್ತದವರಿಗೆ ಎಲ್ಲಕ್ಕಿಂತ ಹತ್ತಿರವಾಗಬೇಕಿದ್ದ ವಿಜಯಪುರ ನಿಲ್ದಾಣಕ್ಕೆ 2021ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿತ್ತು. 2024 ಮುಗಿದರೂ ಅಲ್ಲಿಂದ ಪ್ರಯಾಣಿಕರ ವಿಮಾನ ಹಾರಿರಲಿಲ್ಲ. ಸೋಲಾಪುರದಿಂದ 2025ರ ಜೂನ್‌ನಲ್ಲಿ ಗೋವಾ ವಿಮಾನ ಆರಂಭವಾಯಿತು. ಆರಂಭವಾದದ್ದು ಉಳಿಯುತ್ತದೆ ಎಂಬ ಖಾತ್ರಿಯೂ ಇಲ್ಲ. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ‘ಉಡಾನ್’ ಯೋಜನೆಯನ್ನು ಪರಿಶೀಲಿಸಿದ ಮಹಾಲೇಖಪಾಲರ 2023ರ ವರದಿ ಪ್ರಕಾರ, ಮಂಜೂರಾದ 774 ಮಾರ್ಗಗಳಲ್ಲಿ ಆರಂಭವಾದದ್ದು 371. ಮೂರು ವರ್ಷದ ರಿಯಾಯಿತಿ ಅವಧಿ ಪೂರೈಸಿದ್ದು 112 ಮಾತ್ರ. ಸರ್ಕಾರದ ನೆರವು ಆ ಅವಧಿಗಷ್ಟೇ. ಅದು ಮುಗಿದ ಮೇಲೆ ಸೀಟು ತುಂಬದಿದ್ದರೆ ಕಂಪನಿಗಳು ಮಾರ್ಗ ಬಿಡುತ್ತವೆ.

ಸೀಟು ತುಂಬಬೇಕಾದರೆ ಸುತ್ತಲಿನ ತಾಲೂಕಿನವರು ನಿಲ್ದಾಣ ತಲುಪುವಂತಿರಬೇಕು. ಅದಕ್ಕೆ ನೂರಾರು ಕೋಟಿ ಬೇಡ. ವಿಮಾನದ ಸಮಯಕ್ಕೆ ಹೊಂದಿಸಿ ಜತ್ತದಿಂದ ಅಥಣಿ ಮಾರ್ಗವಾಗಿ ಸಾಂಬ್ರಾಕ್ಕೆ, ಮಿರಜ ಮಾರ್ಗವಾಗಿ ಕೊಲ್ಹಾಪುರ ನಿಲ್ದಾಣಕ್ಕೆ ದಿನಕ್ಕೊಂದು ಬಸ್ಸು ಸಾಕು. ಗಲಾಟೆಯ ದಿನಗಳಲ್ಲೂ ಅದು ನಿಲ್ಲದಂತೆ ಎರಡೂ ಸಾರಿಗೆ ಸಂಸ್ಥೆಗಳು ಒಪ್ಪಂದಕ್ಕೆ ಬರಬೇಕು. ಮುಂದಿನ ಚುನಾವಣೆಯಲ್ಲಿ ವಿಮಾನ ನಿಲ್ದಾಣದ ಭರವಸೆ ಹೊತ್ತು ಬರುವವರನ್ನು, ಮರಾಠಿಯವರಿರಲಿ ಕನ್ನಡದವರಿರಲಿ, ಜನ ಮೊದಲು ಕೇಳಬೇಕಾದದ್ದು ಇದನ್ನೇ: ಅಲ್ಲಿಗೆ ಬಸ್ಸು ಎಷ್ಟು ಗಂಟೆಗೆ?