ತೊಟ್ಟಿಲಿಗೆ ಬಂದ ಕಿರೀಟ

ಹದಿಮೂರು ತಿಂಗಳೆಂದರೆ ಕೂಸು ಗೋಡೆ ಹಿಡಿದು ಹೆಜ್ಜೆಯಿಡುವ ವಯಸ್ಸೆಂಬುದನ್ನು ಮಕ್ಕಳೊಂದಿಗರಾದ ನಮ್ಮ ವಾಚಕರು ಬಲ್ಲರು. ಸ್ಕಾಟ್ಲೆಂಡಿನ ಆರನೆಯ ಜೇಮ್ಸನಿಗೆ ಆ ವಯಸ್ಸಿನಲ್ಲೇ, 1567ರ ಜುಲೈ 29ರಂದು, ಸ್ಟರ್ಲಿಂಗ್ ಪಟ್ಟಣದ ಚರ್ಚಿನಲ್ಲಿ ಪಟ್ಟಾಭಿಷೇಕವಾಯಿತು. ಮಾತು ಬಾರದ ಅರಸನ ಪರವಾಗಿ ಮಾರ್ಟನ್ ಪ್ರಭು ಪ್ರಮಾಣವಚನ ಸ್ವೀಕರಿಸಿದನು. ತಾಯಿ ಮೇರಿರಾಣಿ ಆಗ ಲಾಕ್‌ಲೆವೆನ್ ಸರೋವರದ ನಡುಗಡ್ಡೆಯ ಕೋಟೆಯಲ್ಲಿ ಸೆರೆಯಾಳು; ಐದು ದಿನಗಳ ಹಿಂದಷ್ಟೇ ಆಕೆಯಿಂದ ಸಿಂಹಾಸನತ್ಯಾಗದ ಪತ್ರಕ್ಕೆ ಬಲವಂತವಾಗಿ ರುಜು ಪಡೆಯಲಾಗಿತ್ತು. ಆ ವರ್ಷದ ಏಪ್ರಿಲ್ ತಿಂಗಳ ತರುವಾಯ ತಾಯಿಮಕ್ಕಳು ಪರಸ್ಪರ ಮುಖ ನೋಡಲೇ ಇಲ್ಲ.

ಮಗುವಿನ ಹೆಸರಿನಲ್ಲಿ ರಾಜ್ಯವಾಳಿದವರು ನಾಲ್ವರು; ಮೊದಲಿನ ಇಬ್ಬರು ಗುಂಡೇಟಿಗೆ ಬಲಿಯಾದರು, ನಾಲ್ಕನೆಯವನಾದ ಮಾರ್ಟನ್ನನ ಶಿರಚ್ಛೇದವಾಯಿತು. ಗುರು ಜಾರ್ಜ್ ಬುಕಾನನ್ ಮಹಾವಿದ್ವಾಂಸನೇನೋ ಹೌದು. ಆದರೆ ಲ್ಯಾಟಿನ್ ಪಾಠದೊಡನೆ ಬೆತ್ತದ ರುಚಿಯನ್ನೂ, ತಾಯಿಯ ಮೇಲಣ ದ್ವೇಷವನ್ನೂ ಬಾಲಕನಿಗೆ ಉಣಿಸಿದನು.

1587ರಲ್ಲಿ ಇಂಗ್ಲೆಂಡಿನಲ್ಲಿ ಮೇರಿಯ ವಧೆಯಾದಾಗ ಇಪ್ಪತ್ತರ ದೊರೆ ಪ್ರತಿಭಟಿಸಿದನೇ ಹೊರತು ಎಲಿಜಬೆತ್ ರಾಣಿಯೊಡನೆ ಮೈತ್ರಿಯನ್ನು ಮುರಿಯಲಿಲ್ಲ. ಆಕೆಗೆ ಮಕ್ಕಳಿರಲಿಲ್ಲವಲ್ಲ, ಸಿಂಹಾಸನದ ಆಸೆಯಿತ್ತು! ಆದರೂ, ಮೊಗವನ್ನೇ ನೆನಪಿಟ್ಟಿರದ ಮಗನನ್ನು ಕಟುವಾಗಿ ಜರೆಯಲು ನಮಗೆ ಮನಸ್ಸು ಬಾರದು. 1603ರಲ್ಲಿ ಆ ಸಿಂಹಾಸನವೂ ಆತನದಾಯಿತು. 1612ರಲ್ಲಿ ತಾಯಿಯ ಶವಪೆಟ್ಟಿಗೆಯನ್ನು ಪೀಟರ್‌ಬರೋದಿಂದ ಲಂಡನ್ನಿಗೆ ತರಿಸಿ, ಎಲಿಜಬೆತ್ ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿಯೇ ಅಮೃತಶಿಲೆಯ ಸಮಾಧಿಯಲ್ಲಿರಿಸಿದನು.