ತುಟಿಗೂ ರಜೆ ಬೇಕು

ಹೋದ ವರ್ಷ ಮಾರ್ಚ್‌ನಲ್ಲಿ ಒಂದು ರಾತ್ರಿ ಕನ್ನಡಿ ಮುಂದೆ ನಿಂತು ನೋಡಿಕೊಂಡೆ. ಮೇಲ್ದುಟಿ ಊದಿಕೊಂಡಿತ್ತು. ನಟ್ಟನಡುವೆ ಮೌತ್‌ಪೀಸಿನ ಗುರುತು ಉಂಗುರದ ಹಾಗೆ ಕೆಂಪಗೆ ಅಚ್ಚೊತ್ತಿತ್ತು. ಅಕ್ಕನ ಮದುವೆಗೆ ಇನ್ನು ಹದಿನೈದೇ ದಿನ. ಆರತಕ್ಷತೆಯಲ್ಲಿ ಟ್ರಂಪೆಟ್‌ನಲ್ಲಿ ಒಂದು ಹಳೇ ಸಿನಿಮಾ ಹಾಡು ನುಡಿಸ್ತೀನಿ ಅಂತ ನಾನೇ ಬಾಯಿಬಿಟ್ಟು ಹೇಳಿದ್ದೆ. ಚರಣದಲ್ಲಿ ಬರುವ ಒಂದು ಎತ್ತರದ ಸ್ವರ ಮಾತ್ರ ಏನು ಮಾಡಿದರೂ ಹೊರಡ್ತಾ ಇರಲಿಲ್ಲ. ದಿನಾ ಆಫೀಸಿಂದ ಬಂದು ಎರಡೆರಡು ಗಂಟೆ ಊದುತ್ತಿದ್ದೆ. ಬರದಷ್ಟೂ ಇನ್ನೂ ಗಟ್ಟಿಯಾಗಿ ತುಟಿಗೆ ಒತ್ತುತ್ತಿದ್ದೆ.

ಟ್ರಂಪೆಟ್ ದೊಡ್ಡಪ್ಪನದು. ಮೈಸೂರಿನಲ್ಲಿ ಮದುವೆ ಬ್ಯಾಂಡ್‌ಸೆಟ್‌ನಲ್ಲಿ ಇಪ್ಪತ್ತು ವರ್ಷ ಊದಿದವರು. ಈಗ ಊದಲ್ಲ. ಯಾಕೆ ಬಿಟ್ರಿ ಅಂತ ಕೇಳಿದಾಗೆಲ್ಲ "ವಯಸ್ಸಾಯ್ತಲ್ಲ ಪುಟ್ಟಿ" ಅಂತಿದ್ದರು. ಆ ರಾತ್ರಿ ಅವರಿಗೆ ಫೋನ್ ಮಾಡಿದೆ. "ಊದು, ಕೇಳ್ತೀನಿ" ಅಂದರು. ನಾಲ್ಕು ಸ್ವರ ಆಗಿತ್ತೋ ಇಲ್ಲವೋ, "ನಿಲ್ಸು" ಅಂದರು. "ಶಬ್ದ ತೆಳ್ಳಗಾಗಿದೆ. ತುಟೀನ ಹಲ್ಲಿಗೆ ಒತ್ತಿ ಸಾಯಿಸ್ತಿದೀಯ. ಮೂರು ದಿನ ಅದನ್ನ ಮುಟ್ಟಬೇಡ. ಭಾನುವಾರ ಬಾ."

ಭಾನುವಾರ ಹೋದೆ. ಮಗಳ ಮದುವೆಯ ಗಡಿಬಿಡಿಯಲ್ಲೂ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮೇಲ್ದುಟಿ ತೋರಿಸಿದರು. ಒಳಗಡೆ ಸಣ್ಣ ಗಂಟು. "ಇದು ವಯಸ್ಸಲ್ಲ ಪುಟ್ಟಿ. ಒಂದು ಲಗ್ನದ ಸೀಸನ್, ದಿನಕ್ಕೆ ಮೂರು ಮೆರವಣಿಗೆ. ತುಟಿ ಜೋಮು ಹಿಡಿದಿದ್ರೂ ಊದಿದೆ. ಆಮೇಲೆ ಅದು ಅದುರೋದನ್ನೇ ಬಿಟ್ಟುಬಿಡ್ತು." ಆಗ ಅವರಿಗೆ ಮೂವತ್ತೆಂಟು.

ಇದು ದೊಡ್ಡವರನ್ನೂ ಬಿಟ್ಟಿಲ್ಲ. ಜಾಝ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್ ಕೂಡ 1930ರ ದಶಕದಲ್ಲಿ ತುಟಿ ಕೆಟ್ಟು ತಿಂಗಳುಗಟ್ಟಲೆ ಊದುವುದನ್ನು ನಿಲ್ಲಿಸಬೇಕಾಯಿತು. ಅವರ ಅಡ್ಡಹೆಸರು ಸ್ಯಾಚ್ಮೋ. ಊದುವವರ ತುಟಿಯ ಸ್ನಾಯು ಹರಿಯುವ ತೊಂದರೆಗೆ ವೈದ್ಯರು ಇಟ್ಟ ಹೆಸರೇ ಸ್ಯಾಚ್ಮೋ ಸಿಂಡ್ರೋಮ್.

ಯಾಕೆ ಹೀಗಾಗುತ್ತೆ? ನಾಗಸ್ವರಕ್ಕೆ ಬಾಯಿಗಿಡುವ ಕಡೆ ಜೊಂಡಿನ ಪೀಪಿ ಇರುತ್ತೆ. ಟ್ರಂಪೆಟ್‌ಗೆ ಅದಿಲ್ಲ, ಅದುರೋದು ನಮ್ಮ ತುಟಿಯೇ. 440 ಕಂಪನದ ಸ್ವರ ನುಡಿಸಿದರೆ ತುಟಿ ಸೆಕೆಂಡಿಗೆ 440 ಸಲ ಅದುರುತ್ತೆ. ಇರೋದು ಮೂರೇ ವಾಲ್ವ್. ಒಂದನ್ನೂ ಒತ್ತದೆ ಐದಾರು ಸ್ವರ ಬರುತ್ತವೆ. ಅದರಲ್ಲಿ ಯಾವುದು ಬರಬೇಕು ಅಂತ ತೀರ್ಮಾನಿಸೋದು ತುಟಿ ಮತ್ತು ಉಸಿರು. ತುಟಿ, ಅದರ ಸುತ್ತಲಿನ ಸ್ನಾಯು, ದವಡೆ ಎಲ್ಲ ಸೇರಿ ಮೌತ್‌ಪೀಸಿಗೆ ಕೂರುವ ಭಂಗಿಗೆ ಎಂಬೂಷರ್ ಅನ್ನುತ್ತಾರೆ. ಒತ್ತಿದರೆ ಎತ್ತರದ ಸ್ವರ ಒಂದೆರಡು ಸಲ ಬಂದೀತು. ಆದರೆ ಒತ್ತಿದಲ್ಲಿ ರಕ್ತ ಓಡಲ್ಲ, ಸ್ನಾಯು ಬೇಗ ಸೋಲುತ್ತೆ, ಸೋತಷ್ಟೂ ನಾವು ಇನ್ನೂ ಒತ್ತುತ್ತೇವೆ.

ಅವತ್ತು ದೊಡ್ಡಪ್ಪ ಮೊದಲಿಂದ ಶುರು ಮಾಡಿಸಿದರು. "ಮ್ ಅನ್ನೋಕೆ ಬಾಯಿ ಮುಚ್ಚು. ಎರಡೂ ಮೂಲೆ ಬಿಗಿ, ನಡು ಸಡಿಲ. ನಗಬೇಡ, ನಕ್ಕರೆ ತುಟಿ ಹಿಗ್ಗಿ ತೆಳ್ಳಗಾಗುತ್ತೆ. ಕೆನ್ನೆ ಉಬ್ಬಿಸಬೇಡ. ಬಿಸಿ ಕಾಫಿ ಆರಿಸೋ ಹಾಗೆ ಊದು." ಬಲಗೈಯ ಕಿರುಬೆರಳನ್ನು ಕೊಕ್ಕೆಯಿಂದ ತೆಗೆಸಿದರು. ಆ ಬೆರಳಿನಿಂದಲೇ ನಾನು ವಾದ್ಯವನ್ನು ಬಾಯಿಗೆ ಎಳೆದುಕೊಳ್ಳುತ್ತಿದ್ದೆ ಅಂತ ಆಗಲೇ ಗೊತ್ತಾಗಿದ್ದು.

ಅವರು ಹೇಳಿಕೊಟ್ಟ ದಿನಚರಿ ಇವತ್ತಿಗೂ ನನ್ನ ಫೋನಿನ ನೋಟ್ಸ್‌ನಲ್ಲಿದೆ. ಒಟ್ಟು ಅರ್ಧ ಗಂಟೆ.

ಮೊದಲ ಎರಡು ನಿಮಿಷ ಬರೀ ತುಟಿ. ಕುದುರೆ ಮಾಡುವ ಹಾಗೆ ಬುರ್ರ್ ಅಂತ ಸಡಿಲವಾಗಿ ಅದುರಿಸೋದು. ಆಮೇಲೆ ಮೌತ್‌ಪೀಸ್ ಒಂದರಲ್ಲೇ ಸ್ವಲ್ಪ ಹೊತ್ತು.

ನಂತರ ಉದ್ದ ಸ್ವರ. ಮಧ್ಯದ ಒಂದು ಸ್ವರ ಹಿಡಿದು, ಮೆಲ್ಲಗೆ ಶುರು ಮಾಡಿ, ಏರಿಸಿ, ಮತ್ತೆ ಇಳಿಸೋದು. ಹತ್ತು ಸೆಕೆಂಡ್ ಊದಿದರೆ ಹತ್ತು ಸೆಕೆಂಡ್ ಸುಮ್ಮನೆ. ನಿಯಂತ್ರಣ ಬರೋದು ಜೋರಾಗಿ ಊದಿದಾಗಲ್ಲ, ಮೆಲ್ಲಗೆ ಊದಿದಾಗ.

ಆಮೇಲೆ ವಾಲ್ವ್ ಮುಟ್ಟದೆ ಒಂದು ಸ್ವರದಿಂದ ಮೇಲಿನದಕ್ಕೆ ಜಾರಿ ವಾಪಸ್ ಬರೋದು. ಮೇಲೆ ಹೋಗುವಾಗ ಕೈ ಒತ್ತಬಾರದು, ಉಸಿರು ವೇಗವಾಗಬೇಕು. ಕೊನೆಗೆ ಕೆಳಗಿನ ಸ್ವರಗಳನ್ನು ಮೆಲ್ಲಗೆ ಊದಿ ಮುಗಿಸೋದು.

ನಿಯಮ ಒಂದೇ: ಊದಿದಷ್ಟೇ ಹೊತ್ತು ವಿಶ್ರಾಂತಿ. ತುಟಿ ನೋಯುವ ಮೊದಲೇ ನಿಲ್ಲಿಸಬೇಕು. ಬಾವು ಎರಡು ಮೂರು ದಿನಕ್ಕೂ ಇಳಿಯದಿದ್ದರೆ ಡಾಕ್ಟರ್ ಹತ್ತಿರ ಹೋಗಬೇಕು. ಅಪಾರ್ಟ್‌ಮೆಂಟ್‌ನಲ್ಲಿರೋರಿಗೆ ನನ್ನದೊಂದು ಮಾತು: ಪ್ರಾಕ್ಟೀಸ್ ಮ್ಯೂಟ್ ಹಾಕಿದರೆ ಪಕ್ಕದ ಮನೆಯವರು ಬಯ್ಯಲ್ಲ, ಆದರೆ ಗಾಳಿಗೆ ತಡೆ ಜಾಸ್ತಿಯಾಗಿ ಒತ್ತುವ ಚಟ ಮತ್ತೆ ಬರುತ್ತೆ. ಹಾಗಾಗಿ ವಾರದಲ್ಲಿ ಎರಡು ದಿನವಾದರೂ ಅದಿಲ್ಲದೆ ಊದೋಕೆ ಜಾಗ ಹುಡುಕಿಕೊಳ್ಳಿ. ನಾನು ಪಾರ್ಕಿಗೆ ಹೋಗ್ತೀನಿ.

ಹದಿನೈದು ದಿನದಲ್ಲಿ ಪವಾಡ ಏನೂ ಆಗಲಿಲ್ಲ. ಸ್ನಾಯು ಬಲಿಯೋಕೆ ತಿಂಗಳುಗಳೇ ಬೇಕು. ಕೀಬೋರ್ಡ್ ನುಡಿಸುವವರಿಗೆ ಹೇಳಿ ಹಾಡಿನ ಶ್ರುತಿಯನ್ನೇ ಇಳಿಸಿಕೊಂಡೆ. ನಾಚಿಕೆ ಆಗಿತ್ತು, ಆದರೆ ಯಾರಿಗೂ ಗೊತ್ತಾಗಲಿಲ್ಲ, ಒಬ್ಬರನ್ನು ಬಿಟ್ಟು. ಊಟದ ಹಾಲ್ ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪನ ಕಡೆ ನೋಡಿದೆ. ಚರಣ ಬಂದಾಗ ಅವರ ತುಟಿಯ ಎರಡೂ ಮೂಲೆ ನನ್ನ ಜೊತೆಗೇ ಬಿಗಿಯಾದವು.

ಆ ಎತ್ತರದ ಸ್ವರ ಬಂದಿದ್ದು ಆಗಸ್ಟ್‌ನಲ್ಲಿ, ಒಂದು ಬುಧವಾರ ಬೆಳಿಗ್ಗೆ ಪಾರ್ಕಿನಲ್ಲಿ. ಒತ್ತಿರಲಿಲ್ಲ, ಕಿರುಬೆರಳು ಗಾಳಿಯಲ್ಲಿತ್ತು. ಖುಷಿ ತಡೆಯದೆ ಅಲ್ಲಿಂದಲೇ ಫೋನ್ ಮಾಡಿ ಕೇಳಿಸಿದೆ. ಆ ಕಡೆ ಒಂದು ಕ್ಷಣ ಮಾತಿಲ್ಲ.

"ಸರಿ ಪುಟ್ಟಿ, ಇವತ್ತಿಗೆ ಸಾಕು," ಅಂದರು. "ಪೆಟ್ಟಿಗೇಲಿಡು."